ಕಾರ್ಟಿಸಾಲ್‌ಗೆ ಮಿದುಳಿನಲ್ಲಿ ಎರಡು ಗ್ರಾಹಕಗಳು

ಅಡ್ರಿನಲ್ ಗ್ರಂಥಿ ಸ್ರವಿಸುವ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ರಕ್ತದಿಂದ ಮಿದುಳಿಗೆ ಹೋಗುವುದನ್ನು ಸೋಸುವ ರಕ್ತ-ಮಿದುಳು ತಡೆಗೋಡೆ ದಾಟುವುದು ಅದಕ್ಕೆ ಕಷ್ಟವಲ್ಲ. ಒಳಗೆ ಅದನ್ನು ಹಿಡಿದು ಜೀವಕೋಶಕ್ಕೆ ಸಂದೇಶ ಮುಟ್ಟಿಸುವ ಎರಡು ಬಗೆಯ ಗ್ರಾಹಕಗಳಿವೆ. ಮಿನರಲೊಕಾರ್ಟಿಕಾಯ್ಡ್ ಗ್ರಾಹಕ ಕಾರ್ಟಿಸಾಲನ್ನು ಇನ್ನೊಂದಕ್ಕಿಂತ ಸುಮಾರು 10 ಪಟ್ಟು ಬಿಗಿಯಾಗಿ ಹಿಡಿಯುವುದರಿಂದ ಮಾಮೂಲಿ ಮಟ್ಟದಲ್ಲೇ ಬಹುಪಾಲು ತುಂಬಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ ಚೆನ್ನಾಗಿ ತುಂಬುವುದು ಬೆಳಗಿನ ಏರಿಕೆಯಲ್ಲಿ, ಇಲ್ಲವೇ ಒತ್ತಡದಲ್ಲಿ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಎರಡೂ ಹೇರಳ. ಇವು ಜೀನ್‌ಗಳ ಮೂಲಕ ಕೆಲಸ ಮಾಡುವಾಗ ಪರಿಣಾಮ ಕಾಣಲು ಗಂಟೆಗಳೇ ಹಿಡಿಯುತ್ತವೆ.

ಕಾರ್ಟಿಸಾಲ್‌ನಂತೆ ಕೆಲಸ ಮಾಡುವ ಸ್ಟಿರಾಯ್ಡ್ ಮಾತ್ರೆಗಳ ಲೆಕ್ಕವೇ ಬೇರೆ. ಡೆಕ್ಸಮೆಥಸೋನನ್ನು ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಮಿದುಳಿನಿಂದ ಹೊರದೂಡುತ್ತದೆ. ಆದರೆ ಅಡ್ರಿನಲ್‌ಗೆ ಆಜ್ಞೆ ಕೊಡುವ, ತಡೆಗೋಡೆಯ ಹೊರಗಿರುವ ಪಿಟ್ಯುಟರಿ ಗ್ರಂಥಿಯನ್ನು ಈ ಔಷಧ ಅದುಮಿ, ದೇಹದ ಸ್ವಂತ ಕಾರ್ಟಿಸಾಲನ್ನು ತಗ್ಗಿಸುತ್ತದೆ. ಆಗ ಮಿನರಲೊಕಾರ್ಟಿಕಾಯ್ಡ್ ಗ್ರಾಹಕ ಖಾಲಿ ಬೀಳುತ್ತದೆ; ಈ ಮಾತ್ರೆಗಳಿಂದ ಕೆಲವರ ಮನಸ್ಸು ಕೆಡುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನೊಂದು ಸ್ಟಿರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂ ದಾಟಿದರೆ ಇಂಥ ಮಾನಸಿಕ ತೊಂದರೆಗಳ ಅಪಾಯ ಏರುತ್ತದೆ. ದಿನಕ್ಕೊಂದೇ ಡೋಸ್ ಇದ್ದರೆ ಬೆಳಗ್ಗೆಯೇ ತೆಗೆದುಕೊಂಡರೆ ನಿದ್ದೆ ಕೆಡುವುದು ಕಡಿಮೆ. ವಾರಗಟ್ಟಲೆ ತೆಗೆದುಕೊಂಡಿದ್ದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬೇಡಿ: ಅಡ್ರಿನಲ್ ಗ್ರಂಥಿ ಚೇತರಿಸಿಕೊಳ್ಳಲು ಸಮಯ ಬೇಕು.