ಗ್ಲೇಸಿಯರ್ ಮುಂದೆ ಷಾಂಪೇನ್ ದೋಣಿ ಎಲ್ಲಿ ನಿಲ್ಲಬೇಕು?

ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಉತ್ತರದಲ್ಲಿ, ಲೀಫ್ಡೆ ಫ್ಯೋರ್ಡ್ ಎಂಬ ಕಡಲ ಚಾಚಿನ ಕೊನೆಗೆ ಮೊನಾಕೊಬ್ರೇನ್ ಎಂಬ ಗ್ಲೇಸಿಯರ್ (ಹಿಮನದಿ) ಇದೆ. 1906-07ರಲ್ಲಿ ಈ ಭಾಗದ ನಕ್ಷೆ ಮಾಡಿಸಿದ ಮೊನಾಕೊ ದೊರೆ ಒಂದನೇ ಆಲ್ಬರ್ಟ್ ಹೆಸರು ಅದಕ್ಕೆ. 2025ರಿಂದ ಇಂಥ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಹಾಗಾಗಿ ಇಲ್ಲಿಗೆ ಬರುವುದು ಚಿಕ್ಕ, ದುಬಾರಿ ಹಡಗುಗಳು. ಗ್ಲೇಸಿಯರ್ ಮುಂದೆ ಒಂದು ದೋಣಿಯಿಂದ ಷಾಂಪೇನ್ ಹಂಚುವುದೂ ಅವುಗಳ ಸತ್ಕಾರದ ಭಾಗ. ಅಷ್ಟು ದುಡ್ಡು ಕೊಟ್ಟು ಬಂದವರು ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೂತೊಡನೆ "ಇನ್ನೂ ಸ್ವಲ್ಪ ಹತ್ತಿರ" ಅನ್ನದೇ ಇರುವುದಿಲ್ಲ.

ಕಣ್ಣಳತೆಯನ್ನು ನಂಬಬೇಡಿ. ಮರವಿಲ್ಲ, ಮನೆಯಿಲ್ಲ, ಗ್ಲೇಸಿಯರ್ ಮುಂಭಾಗದ ಹಿಮಗೋಡೆ ಯಾವಾಗಲೂ ಹತ್ತಿರವೇ ಇದ್ದಂತೆ ಕಾಣುತ್ತದೆ, ಅಥವಾ ಎತ್ತರ ಕಡಿಮೆ ಅನ್ನಿಸುತ್ತದೆ. ಲೇಸರ್ ದೂರಮಾಪಕ ಜೇಬಲ್ಲಿರಲಿ. ದೋಣಿ ನಡೆಸುವ ನಾವು ಗೋಡೆಯಿಂದ 200 ಮೀಟರನ್ನು ದಾಟಬಾರದ ಗೆರೆ ಅಂತ ಇಟ್ಟುಕೊಂಡು 300-400ರಲ್ಲಿ ನಿಲ್ಲುತ್ತೇವೆ. 340 ಮೀಟರ್ ದೂರದ ಸದ್ದು ಬರಲು ಒಂದು ಸೆಕೆಂಡ್ ಬೇಕು. ಅಂದರೆ ಹಿಮ ಮುರಿಯುವ ಗುಡುಗು ಕೇಳಿ ತಲೆ ಎತ್ತುವಷ್ಟರಲ್ಲಿ ಅದು ಆಗಲೇ ನೀರಿಗೆ ಬಿದ್ದಿರಬಹುದು. ಇನ್ನೊಂದು ಕಾಟ, ನೀರಿನಡಿ ಮುರಿದ ತುಂಡು ಗೋಡೆಯಿಂದ ದೂರದಲ್ಲಿ, ಸದ್ದಿಲ್ಲದೆ, ಬುಡ ಮೇಲಾಗಿ ಏಳುತ್ತದೆ.

ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳ ಗುಂಪು ಗೋಡೆಯ ಒಂದೇ ಜಾಗದಲ್ಲಿ ಮುತ್ತಿದ್ದರೆ, ನೀರು ಅಲ್ಲಿ ಕಂದಾಗಿದೆಯೇ ನೋಡಿ. ಗ್ಲೇಸಿಯರ್ ಅಡಿಯ ಕರಗಿದ ನೀರು ಸಿಹಿನೀರಾದ್ದರಿಂದ ಮೇಲಕ್ಕೆ ಚಿಮ್ಮುತ್ತದೆ, ಜೊತೆಗೆ ಆಳದ ಸಣ್ಣ ಜೀವಿಗಳನ್ನೂ ಎತ್ತಿ ತರುತ್ತದೆ. ಹಕ್ಕಿಗಳಿಗೆ ಹಬ್ಬ, ಕ್ಯಾಮೆರಾಗಳಿಗೂ ಹಬ್ಬ. ಆದರೆ ಅದೇ ನೀರು ಗೋಡೆಯ ಬುಡ ಕೊರೆಯುತ್ತಿರುತ್ತದೆ. ಅತಿಥಿಗಳು ಕೈ ತೋರಿಸುವುದು ಸರಿಯಾಗಿ ಆ ಜಾಗಕ್ಕೇ.

ಹಿಮ ಬಿದ್ದು ಅಲೆ ಎದ್ದರೆ ದೋಣಿಯ ಮೂತಿ ಅದರ ಕಡೆ ತಿರುಗಿಸಿ, ಎಲ್ಲರನ್ನೂ ದೋಣಿಯ ನೆಲಕ್ಕೆ ಕೂರಿಸಿ, ದೋಣಿಯನ್ನು ನಿಧಾನಕ್ಕೆ ಅಲೆ ಹತ್ತಿಸಿ. ಆಳದ ನೀರಲ್ಲಿ ಅದು ಬರೀ ನೀರಿನ ಉಬ್ಬು, ದಡದ ಹತ್ತಿರ ಒಡೆಯುವ ಅಲೆ. ಆದ್ದರಿಂದ ಹೆಚ್ಚು ಅಪಾಯ ದೋಣಿಯಲ್ಲಿದ್ದವರಿಗಲ್ಲ, ಒಂದು ಕಿಲೋಮೀಟರ್ ಆಚೆ ಬೀಚಲ್ಲಿ ನಿಂತು ಕಲ್ಲು ಆರಿಸುತ್ತಿರುವವರಿಗೆ.

ಮಂಜುಚೂರಿನಲ್ಲಿ, ಅಂದರೆ ತೇಲುವ ಮಂಜುಗಡ್ಡೆಯ ಚೂರುಗಳ ನಡುವೆ, ಎಂಜಿನ್‌ನ ಅತಿ ಕಡಿಮೆ ವೇಗದಲ್ಲೇ (ಐಡಲ್) ಗೇರ್ ಹಾಕಿ, ಚೂರುಗಳನ್ನು ಮೂತಿಯಿಂದ ತಳ್ಳುತ್ತಾ ಹೋಗಬೇಕು. ರಿವರ್ಸ್ ಬೇಡ: ಹಿಂದೆ ಹೋಗುವಾಗ ಪ್ರೊಪೆಲರ್ ನೇರ ಮಂಜಿಗೆ ಬಡಿಯುತ್ತದೆ. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ತೂಗುವ ಎಂಜಿನ್‌ನ ಹಿಂಬದಿಯಿಂದ ಬರುವ, ಅದನ್ನು ತಂಪು ಮಾಡಿದ ನೀರಿನ ತೆಳು ಧಾರೆ ಸಣ್ಣದಾಯಿತೆಂದರೆ ಎಂಜಿನ್‌ನ ಕೆಳಭಾಗದ ನೀರು ಹೀರುವ ಜಾಲರಿಗೆ ಮಂಜು ತುಂಬಿದೆ ಎಂದರ್ಥ. ನ್ಯೂಟ್ರಲ್, ಆಫ್, ಎಂಜಿನ್ ಎತ್ತಿ ಬೆರಳಲ್ಲಿ ತೆಗೆಯಿರಿ. ಅಲಾರಾಂ ಕೂಗುವವರೆಗೆ ಕಾಯುವುದು ಸೋಮಾರಿತನ.

ಇನ್ನು ಷಾಂಪೇನ್. ಮಂಜುಗಡ್ಡೆಯ ಮರೆಯಿಂದ ಷಾಂಪೇನ್ ಹೊತ್ತ ಬಾರ್ ದೋಣಿ ಥಟ್ಟನೆ ಬಂದರೆ ಚಂದ, ಒಪ್ಪೋಣ. ಆದರೆ ಅದು ನಿಲ್ಲಬೇಕಾದ್ದು ಮಂಜುಚೂರಿನ ಹೊರಗೆ, ತೆರೆದ ನೀರಲ್ಲಿ, ತೇಲುವ ಯಾವುದೇ ಹಿಮಗಡ್ಡೆಯಿಂದ ಅದರ ಎತ್ತರದ ಮೂರು ಪಟ್ಟಿಗಿಂತ ದೂರ. ಗಡ್ಡೆ ಮಗುಚಲು ಹೇಳಿಕೇಳಿ ಬರುವುದಿಲ್ಲ. ಅತಿಥಿ ದೋಣಿಗಳು ಒಂದೊಂದಾಗಿ ಪಕ್ಕಕ್ಕೆ ಬಂದು ಹೋಗಲಿ, ನಾಲ್ಕನ್ನು ಒಟ್ಟಿಗೆ ಹಗ್ಗದಲ್ಲಿ ಕಟ್ಟಬೇಡಿ, ಎಂಜಿನ್ ಆರಿಸಬೇಡಿ. ಬಾಟಲಿ ಹಿಡಿದವ ಬೇರೆ, ಕಿಲ್ ಕಾರ್ಡ್ (ಚಾಲಕ ಬಿದ್ದರೆ ಎಂಜಿನ್ ಆರಿಸುವ ಹುರಿ) ಕಟ್ಟಿಕೊಂಡು ಟಿಲ್ಲರ್ (ದೋಣಿ ತಿರುಗಿಸುವ ಹಿಡಿ) ಹಿಡಿದವ ಬೇರೆ. ಟಿಲ್ಲರ್ ಹಿಡಿದವ ಗೋಡೆ ನೋಡುವಷ್ಟೇ ಬೆನ್ನ ಹಿಂದೆಯೂ ನೋಡುತ್ತಿರಬೇಕು, ಏಕೆಂದರೆ ಗಾಳಿ ತಿರುಗಿದರೆ ಬಂದ ದಾರಿ ಮಂಜುಚೂರಿನಿಂದ ಮುಚ್ಚಿಹೋಗುತ್ತದೆ. ಗ್ಲಾಸ್ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ನ್ಯಾಪ್‌ಕಿನ್ ಮಾತ್ರ ಹಡಗಲ್ಲೇ ಬಿಟ್ಟು ಬನ್ನಿ.