ಹುಬ್ಬಳ್ಳಿಯನ್ನು ಹುಬ್ಳಿ ಅನ್ನುವವರ ಫ್ರೆಂಚ್

ಧಾರವಾಡದಲ್ಲಿ ಕೂತು ಫ್ರೆಂಚ್ ಕಲಿಯಲಿಕ್ಕೆ ಶುರು ಮಾಡಿ ಮೂರು ತಿಂಗಳಾಯಿತು. ಮೊದಲ ತಿಂಗಳು ಪೂರ್ತಿ ಒಂದೇ ತಪ್ಪು ಮಾಡಿದೆ: ಬರೆದದ್ದನ್ನೆಲ್ಲ ಓದಿದೆ. ಕನ್ನಡದವರಲ್ವಾ, ಕಣ್ಣಿಗೆ ಕಂಡ ಅಕ್ಷರ ಬಿಟ್ಟರೆ ಪಾಪ ಅನಿಸುತ್ತದೆ.

'ಮಾತಾಡು' ಅನ್ನುವ ಕ್ರಿಯಾಪದವನ್ನೇ ತಗೊಳ್ಳಿ. ನಾನು, ನೀನು, ಅವನು, ಅವರು, ನಾಲ್ಕಕ್ಕೂ ವರ್ತಮಾನದಲ್ಲಿ ಬಾಯಿಂದ ಬರುವುದು ಬರೀ 'ಪಾರ್ಲ್', ಒಂದೇ ಸಿಲಬಲ್. 'ಅವರು' ರೂಪದ ಕೊನೆಗೆ ಇ, ಎನ್, ಟಿ ಇವೆ, ನಾನು ಗಟ್ಟಿಯಾಗಿ 'ಪಾರ್ಲೆಂಟ್' ಅಂತಿದ್ದೆ. ಅವು ಮೂರೂ ಸುಮ್ನೆ ಕೂತಿರುತ್ತವೆ. 'ನಾವು' ಅಂದಾಗ ಪಾರ್-ಲೋಂ, ಕೊನೆಯ ಸ್ವರ ಮೂಗಿನಲ್ಲಿ, ತುಟಿ ಮುಚ್ಚಬಾರದು. 'ನೀವು' ಅಂದರೆ ಪಾರ್-ಲೆ. ಇದನ್ನು ಉರು ಹೊಡೆಯುತ್ತಿದ್ದಾಗ ಅವ್ವ ಒಳಗಿಂದ, "ಮುಂಜಾನಿಂದ ಪಾರ್ಲೆ ಪಾರ್ಲೆ ಅನ್ನಾಕತ್ತೀಯಲ್ಲ, ಬಿಸ್ಕೀಟ್ ತರಸ್ಲೇನು?" ಅಂದಳು.

ನಮ್ಮಲ್ಲಿ 'ಬರುತ್ತೇನೆ', 'ಬರುತ್ತಾನೆ' ಅಂದರೆ ಸಾಕು, ಯಾರು ಅಂತ ತಿಳಿಯುತ್ತದೆ. ಅಲ್ಲಿ ಆ ನಾಲ್ಕರಲ್ಲಿ ಬಾಲವೇ ಕೇಳಿಸುವುದಿಲ್ಲ, ಹಾಗಾಗಿ ಸರ್ವನಾಮ ಬಿಡುವ ಹಾಗಿಲ್ಲ. ಅದರಲ್ಲೂ 'ಅವನು', 'ಅವರು' ಎರಡೂ 'ಇಲ್' ಅಂತಲೇ ಕೇಳಿಸುತ್ತವೆ. ಇಂಥ ಕ್ರಿಯಾಪದ ಸ್ವರದಿಂದ ಶುರುವಾದರೆ ಮಾತ್ರ ಬಚಾವ್: ಅವನು ಪ್ರೀತಿಸುತ್ತಾನೆ ಅಂದರೆ ಇ-ಲೆಮ್, ಅವರು ಅಂದರೆ ಇಲ್-ಜೆಮ್. 'ಅವರು' ಸರ್ವನಾಮದ ಕೊನೆಗೆ ಬರಹದಲ್ಲಿ ಮೂಕವಾಗಿದ್ದ ಎಸ್ ಎದ್ದು ಬಂದು, ಝಡ್ ಧ್ವನಿಯಾಗಿ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಹುಬ್ಬಳ್ಳಿ. ಬರೆಯುವಾಗ ಹು-ಬ್ಬ-ಳ್ಳಿ, ಮೂರು. ಬಾಯಲ್ಲಿ ಹುಬ್-ಳಿ, ಎರಡೇ. ಮಧ್ಯದ ಸ್ವರ ನುಂಗಿಬಿಡುತ್ತೇವೆ, ಯಾರೂ ಕಲಿಸಿಲ್ಲ. ಫ್ರೆಂಚಿನಲ್ಲಿ 'ಕರೆ' ಅನ್ನುವ ಕ್ರಿಯಾಪದವೂ ಹೀಗೇ: 'ನಾವು ಕರೆಯುತ್ತೇವೆ' ಬರಹದಲ್ಲಿ ಅ-ಪೆ-ಲೋಂ, ಮೂರು ತುಂಡು, ಮಾತಲ್ಲಿ ಅ-ಪ್ಲೋಂ. ಆದರೆ 'ನಾನು ಕರೆಯುತ್ತೇನೆ' ಅಂದಾಗ ಅದೇ ಸ್ವರ ಕೊನೆಯ ಸಿಲಬಲ್‌ಗೆ ಬರುತ್ತದೆ, ಆಗ ನುಂಗಲಿಕ್ಕಾಗುವುದಿಲ್ಲ, ಝ-ಪೆಲ್ ಅಂತ ತೆರೆದು ಹೇಳಬೇಕು. ಅಲ್ಲಿ ಎಲ್ ಎರಡು ಬರೆಯುವುದು ಅದಕ್ಕೇ. ನಮ್ಮ ಒತ್ತಕ್ಷರದ ಹಾಗೆ ಲ-ಕಾರ ಒತ್ತಿ ಹೇಳಲಿಕ್ಕಲ್ಲ, ಹಿಂದಿನ ಸ್ವರವನ್ನು ಎಬ್ಬಿಸಲಿಕ್ಕೆ. ಇದು ಹೊಳೆದ ಮೇಲೆ ಕಂಠಪಾಠ ಅರ್ಧ ಕಡಿಮೆಯಾಯಿತು.

ಈಗ ಚಿಗರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮೊದಲು ಕೇಳುತ್ತೇನೆ, ಪುಸ್ತಕ ಆಮೇಲೆ. ಗಂಟಲಿನ 'ರ' ಮಾತ್ರ ಇನ್ನೂ ಬಂದಿಲ್ಲ. ಪಕ್ಕದವರು ನನಗೆ ಜೋರು ನೆಗಡಿ ಅಂದುಕೊಂಡು ಕಿಟಕಿ ಕಡೆ ಸರಿಯುತ್ತಾರೆ.