ಕೊನೆಗೂ ಕಟ್ ಆಯ್ತು ಇಂಗಳದಾಳ್ ಕಡೆಯ ತುಕ್ಕುಕಲ್ಲು

ಎರಡು ಕಲ್ಲು, ಒಂದೇ ತುಕ್ಕು ಬಣ್ಣ. ಟೈಲ್ಸ್ ಹಿಂಭಾಗಕ್ಕೆ ಉಜ್ಜಿದ್ರೆ ಎರಡರದ್ದೂ ಹಳದಿ-ಕಂದು ಗೀರು, ಗೋಥೈಟ್ (ತುಕ್ಕಿನಂಥ ಕಬ್ಬಿಣದ ಖನಿಜ) ಅನ್ನೋದು ಬಿಟ್ರೆ ಅದ್ರಿಂದ ಇನ್ನೇನೂ ಗೊತ್ತಾಗಲ್ಲ. ಒಂದು ಇಂಗಳದಾಳ್ ಗುಡ್ಡದ ದಾರಿ ಬದಿಯದ್ದು, ಇನ್ನೊಂದು ಭೀಮಸಮುದ್ರದ ಅದಿರಿನ ಕಡೆಯದ್ದು. ಇಂಗಳದಾಳ್‌ನಲ್ಲಿ ಹಿಂದೆ ತಾಮ್ರದ ಗಣಿ ಇತ್ತು, ಅದಕ್ಕೇ ಇದು ಗೊಸ್ಸಾನ್, ಅಂದ್ರೆ ಗಂಧಕ ಇರೋ ಅದಿರು ಸವೆದು ಮೇಲೆ ಉಳಿಯೋ ತುಕ್ಕುಕಲ್ಲು, ಅಂದ್ಬಿಡೋದು ಸುಲಭ, ಆದ್ರೆ ಚಿತ್ರದುರ್ಗದ ಸುತ್ತ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲೂ ಬೇಕಾದಷ್ಟಿದೆ, ಮಳೆ-ಬಿಸಿಲಿಗೆ ಸವೆದ್ರೆ ಅದಕ್ಕೂ ಇದೇ ಮುಖ. ಜಾಗ ನೋಡಿ ತೀರ್ಪು ಕೊಡೋದು ನನಗೆ ಒಪ್ಪಲ್ಲ, ಕಲ್ಲೇ ಹೇಳ್ಬೇಕು.

ಹೇಳಿಸೋದೇ ಕಷ್ಟ ಆಗಿತ್ತು. ಕಟರ್ ತಾಗಿದ ತಕ್ಷಣ ಪುಡಿ ಪುಡಿ, ನೋಡ್ಬೇಕಾದ ತೆಳು ಗೋಡೆಗಳೇ ಮೊದ್ಲು ಉದುರೋದು. ಕಲ್ಲಿಗೆ ಕುಡಿಸಿ ಗಟ್ಟಿ ಮಾಡೋಕೆ ಅಂತ ತೆಳು ಎಪಾಕ್ಸಿ (ಅಂಟಿನಂಥ ರೆಸಿನ್) ಆರ್ಡರ್ ಮಾಡಿದ್ರೆ ಜೇನುತುಪ್ಪದ ಥರ ಗಟ್ಟಿ ಬಂತು, ಹಾರ್ಡ್‌ನರ್ ಬಾಟ್ಲಿ ಅರ್ಧ ಸೋರಿತ್ತು, ಫೋನ್ ಮಾಡಿದ್ರೆ 'ಬಿಸಿ ಮಾಡ್ಕೊಳ್ಳಿ ಸಾರ್' ಅಂತಾರೆ, ದುಡ್ಡು ಮಾತ್ರ ಪೂರ್ತಿ! ಕೊನೆಗೆ ಕೆಲ್ಸ ಮಾಡಿದ್ದು ಇದು: ಕಲ್ಲನ್ನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೆಚ್ಚಗಿರುವಾಗ್ಲೇ ರೆಸಿನ್ ಒಂದೇ ಕಡೆಯಿಂದ ನಿಧಾನಕ್ಕೆ ಬಿಡೋದು. ಒಳಗಿನ ಗಾಳಿ ಹೋಗೋಕೆ ಇನ್ನೊಂದು ಕಡೆ ದಾರಿ ಇರ್ಬೇಕು, ಸುತ್ತ ಬಳಿದ್ರೆ ಮೇಲಷ್ಟೇ ಪದರ ಕಟ್ಟುತ್ತೆ.



ಕತ್ತರಿಸಿ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದೆ ನೋಡಿ, ಕುಣಿಯೋ ಹಾಗಾಯ್ತು! ಭೀಮಸಮುದ್ರದ್ದು ಹಾಳೆ ಹಾಳೆ, ಎಲ್ಲಾ ಒಂದೇ ದಿಕ್ಕಿಗೆ, ನಡುವೆ ಸಿಲಿಕಾ ಕರಗಿ ಹೋದ ಸಂದು. ಇಂಗಳದಾಳ್‌ದು ಅಪ್ಪಟ ಬಾಕ್ಸ್‌ವರ್ಕ್, ಗೋಡೆಗಳು ಅಡ್ಡಾದಿಡ್ಡಿ ಸೇರಿ ಗೂಡು ಗೂಡು, ಅಲ್ಲಲ್ಲಿ ಚೌಕಾಕಾರದ ಖಾಲಿ ಜಾಗ, ಅಂದ್ರೆ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಹರಳು ಕೂತಿದ್ದ ಜಾಗ. ಗಂಧಕ ಆಮ್ಲವಾಗಿ ನೀರಿನ ಜೊತೆ ಹೋಯ್ತು, ಕಬ್ಬಿಣ ಅಲ್ಲೇ ಗೋಡೆಯಾಗಿ ಉಳೀತು.

ಆದ್ರೆ ಬರೀ ಪೈರೈಟ್ ಇದ್ರೂ ಗೊಸ್ಸಾನ್ ಆಗುತ್ತೆ, ತಾಮ್ರದ ಅದಿರು ಚಾಲ್ಕೋಪೈರೈಟ್ ಇತ್ತಾ ಅಂತ ಚೌಕ ಹೇಳಲ್ಲ. ಅದಕ್ಕೆ ಮುಂದೆ ಅಮೋನಿಯಾ ಟೆಸ್ಟ್, ಬಯಲಲ್ಲಿ, ಕನ್ನಡಕ ಹಾಕ್ಕೊಂಡು. ಪುಡಿನ ಆಸಿಡ್‌ನಲ್ಲಿ ಕರಗಿಸಿ ಅಮೋನಿಯಾ ಹಾಕಿದ್ರೆ ಕಬ್ಬಿಣ ಕೆಂಗಂದು ಗಸಿಯಾಗಿ ಇಳಿಯುತ್ತೆ, ತಾಮ್ರ ಸಾಕಷ್ಟಿದ್ರೆ ಮೇಲಿನ ನೀರು ಕಡುನೀಲಿ. ನೀಲಿ ಬರ್ಲಿಲ್ಲ ಅಂತ ಕೆಳಗೂ ತಾಮ್ರ ಇಲ್ಲ ಅನ್ನೋಕಾಗಲ್ಲ, ಪೈರೈಟ್‌ನಿಂದ ಬಂದ ಆ ಆಮ್ಲ ಮೇಲಿನ ತಾಮ್ರನ ತೊಳೆದು ಅಂತರ್ಜಲದ ಮಟ್ಟಕ್ಕೆ ಇಳಿಸಿರ್ಬಹುದು. ಆ ಗಸಿ ಸೋಸೋಕೆ ಯಾವ ಪೇಪರ್ ಬಳಸ್ತೀರಿ, ದಾವಣಗೆರೆಲಿ ಎಲ್ಲಿ ಸಿಗುತ್ತೆ ಹೇಳಿ.